ಬಸ್ ಹೋತೇನ್ರಿ?

ಸೇಫ್ಟಿ ಪಿನ್ ಹುಡುಕುವ ಹೊತ್ತಿನಲ್ಲಿ ಪಿನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೈಗೆ ಸಿಗುತ್ತದೆ. ಈ ಭಾನುವಾರ ಬೆಳಿಗ್ಗೆ ನನಗಾದದ್ದೂ ಅದೇ. ಅಂಗಡಿಯ ಮೇಜಿನ ಕೆಳಗಿದ್ದ ಬಿಸ್ಕಿಟ್ ಡಬ್ಬಿಯನ್ನು ಬೋರಲು ಹಾಕಿದೆ. ಅಂಗಿಯ ಗುಂಡಿಗಳು, ತುಕ್ಕು ಹಿಡಿದ ಸ್ಟೇಪ್ಲರ್, ಒಣಗಿದ ಅಂಟಿನ ಬಾಟಲಿ, ತೆಗೆಸಿಕೊಂಡವರು ಮರಳಿ ಕೇಳಲು ಬಾರದ ಪಾಸ್‌ಪೋರ್ಟ್ ಅಳತೆಯ ಫೋಟೊಗಳು. ಇವುಗಳ ನಡುವೆ ಪ್ಲಾಸ್ಟಿಕ್ ಹೊದಿಕೆಯ ಒಂದು ನೀಲಿ ಬ್ಯಾಡ್ಜು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಪಾಲಕರು’ ಎಂದಿದೆ. ಕೆಳಗೆ ಹೆಸರು ಬರೆಯಲು ಬಿಟ್ಟ ಗೆರೆ ಖಾಲಿಯೇ ಇದೆ.

ಯಾರ ಪಾಲಕರು ಎಂದು ನೀವು ಕೇಳಬಹುದು. ಅವತ್ತು ನಾನೂ ಅದನ್ನೇ ಕೇಳಿದ್ದೆ. ಉತ್ತರ ಕೊಡಬೇಕಾದವರು ಆಗಲೇ ಹಿಂದಿನವರ ಕಡೆ ತಿರುಗಿಬಿಟ್ಟಿದ್ದರು.

ಪರಿಚಯ ಹೇಳಿಬಿಡುತ್ತೇನೆ. ಯಲಬುರ್ಗಾ ಬಸ್ ನಿಲ್ದಾಣದ ಒಂದು ತುದಿಗೆ ಕಂಟ್ರೋಲರ್ ಕಿಟಕಿ ಇದೆ, ಇನ್ನೊಂದು ತುದಿಗೆ ನನ್ನ ಗಿರಿಜಾ ಝೆರಾಕ್ಸ್ ಇದೆ. ಝೆರಾಕ್ಸ್, ಟೈಪಿಂಗ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಇಷ್ಟನ್ನು ನಾನು ಬೋರ್ಡಿನ ಮೇಲೆ ಬರೆಸಿದ್ದೇನೆ. ಬರೆಸದೆ ಬಂದ ಕಸುಬು ಇನ್ನೊಂದಿದೆ. ಬಸ್ಸಿನಿಂದ ಇಳಿದವರಿಗೆ, ಹತ್ತುವವರಿಗೆ, ಸುಮ್ಮನೆ ನೆರಳಿಗೆ ನಿಂತವರಿಗೆ ಕಂಟ್ರೋಲರ್ ದೂರ, ನಾನು ಹತ್ತಿರ. ಹೀಗಾಗಿ ಹದಿನೆಂಟು ವರ್ಷದಿಂದ ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ, ಎಲ್ಲರೂ ನನ್ನನ್ನು ಒಂದೇ ಮಾತು ಕೇಳುತ್ತಾರೆ.

“ಬಸ್ ಹೋತೇನ್ರಿ?”

ಗಮನಿಸಿ, ಬಸ್ ಎಷ್ಟು ಗಂಟೆಗೆ ಬರುತ್ತದೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಗಂಟೆ ಕೇಳುವುದು ಪರಸ್ಥಳದವರು. ನಮಗೆ ಬೇಕಾದದ್ದು ಹೋಯಿತೋ ಇಲ್ಲವೋ ಎಂಬುದಷ್ಟೇ. ಈ ವಿಷಯದಲ್ಲಿ ನನ್ನ ಅಪ್ಪನನ್ನು ಮೀರಿಸಿದವರು ಇಲ್ಲ. ಹತ್ತನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಕುಷ್ಟಗಿಯ ಟೈಪಿಂಗ್ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದ. ನಿಲ್ದಾಣದಲ್ಲಿ ನಮ್ಮ ಮೂಗಿನ ಮುಂದೆಯೇ ‘ಕುಷ್ಟಗಿ’ ಎಂದು ಫಲಕ ಹಾಕಿಕೊಂಡ ಬಸ್ಸು ಗುರುಗುರು ಎನ್ನುತ್ತ ನಿಂತಿರುತ್ತಿತ್ತು. ಅಪ್ಪ ಪಕ್ಕದವರಿಗೆ ಕೇಳುತ್ತಿದ್ದ:

“ತಮ್ಮಾ, ಕುಷ್ಟಗಿ ಬಸ್ ಹೋತೇನೋ?”

“ಇಲ್ಲೇ ನಿಂತೈತಲ್ಲೋ ಯಜಮಾನ.”

“ಇದು ನಿಂತೈತಿ ಖರೆ. ಇದರ ಮುಂದಿಂದು ಹೋತೇನು?”

ಹೋಯಿತು ಎಂದು ಗೊತ್ತಾದರೆ ಕುಷ್ಟಗಿ ಮುಟ್ಟುವ ತನಕ ಅಪ್ಪನಿಗೆ ಅದರದ್ದೇ ಚಿಂತೆ. ಆ ಬಸ್ಸಿನಲ್ಲಿ ಸೀಟು ಖಾಲಿ ಇದ್ದಿರಬೇಕು, ಕಿಟಕಿ ಪಕ್ಕದ್ದೇ ಇದ್ದಿರಬೇಕು, ಪರಿಚಯದ ಕಂಡಕ್ಟರನೇ ಇದ್ದಿರಬೇಕು. ನನಗೆ ನಗು ಬರುತ್ತಿತ್ತು. ನಕ್ಕರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಮಾತ್ರ ಅವನು ನನಗೆ ಧಾರಾಳವಾಗಿ ಬಿಟ್ಟುಹೋಗಿದ್ದಾನೆ.

ಟೈಪಿಂಗ್ ಕ್ಲಾಸಿನ ಮಾಸ್ತರು ಕೀಲಿಗಳು ಕಾಣದ ಹಾಗೆ ನಮ್ಮ ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಿದ್ದರು. ಟವೆಲ್ಲಿನ ಕೆಳಗೆ ಹತ್ತು ಬೆರಳುಗಳು ತಮ್ಮ ದಾರಿ ತಾವೇ ಹುಡುಕಿಕೊಳ್ಳಬೇಕು. ಆ ಟವೆಲ್ಲಿನ ವಾಸನೆ ಇವತ್ತಿಗೂ ನೆನಪಿದೆ, ಮಸಿ ಮತ್ತು ಮಾಸ್ತರರ ತಲೆಗೆಣ್ಣೆ ಕೂಡಿದ ವಾಸನೆ. ಆ ಕೋಣೆಯಲ್ಲಿ ಹದಿನಾರು ಯಂತ್ರಗಳು ಒಟ್ಟಿಗೆ ಕುಟ್ಟುವಾಗ ಏನು ಮಾತಾಡಿದರೂ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ನಾನು ಮಾಸ್ತರರಿಗೆ ಬಾಯಿಗೆ ಬಂದದ್ದೆಲ್ಲ ಅನ್ನುತ್ತ ಟೈಪು ಮಾಡುತ್ತಿದ್ದೆ. ಈಗಲೂ ನನ್ನ ಬೆರಳು ಓಡಬೇಕಾದರೆ ಬಾಯಿಯಲ್ಲಿ ಒಂದಿಷ್ಟು ಬೈಗುಳ ಬೇಕು.

ಎಲ್ಲಿದ್ದೆ? ಹಾಂ, ಬಸ್ಸು. ಒಮ್ಮೆ ತಲೆ ಕೆಟ್ಟು ಅಂಗಡಿಯ ಮುಂದೆ ‘ಇಲ್ಲಿ ಬಸ್ಸಿನ ವಿಚಾರಣೆ ಇಲ್ಲ’ ಎಂದು ದೊಡ್ಡದಾಗಿ ಟೈಪು ಮಾಡಿ ಲ್ಯಾಮಿನೇಷನ್ ಮಾಡಿ ತೂಗುಹಾಕಿದೆ. ಮೊದಲನೇ ದಿನವೇ ಒಬ್ಬ ಹಿರಿಯರು ಬಂದು ಅದನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, “ವಿಚಾರಣಿ ಇಲ್ಲಂತಲ್ರಿ. ಇರ್ಲಿ ಬಿಡ್ರಿ. ಅಂದಂಗ ಕುಕನೂರ ಬಸ್ ಹೋತೇನ್ರಿ?” ಎಂದರು. ಬೋರ್ಡನ್ನು ಅವತ್ತೇ ತೆಗೆದೆ. ಈ ಪ್ರಶ್ನೆಗೆ ಉತ್ತರ ಹೇಳುವ ಒಂದು ಯಂತ್ರವನ್ನೇ ಇಲ್ಲಿ ಕೂರಿಸಿ ನಾನು ಬಾಯಿ ಮುಚ್ಚಿಕೊಂಡು ಕೂಡುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಯಂತ್ರ ಎಲ್ಲಿಂದ ಬರಬೇಕು ಎಂಬುದು ಗೊತ್ತಿರಲಿಲ್ಲ.

ಅದು ಬಂದದ್ದು ನನ್ನದೇ ಝೆರಾಕ್ಸ್ ಯಂತ್ರದ ಹೊಟ್ಟೆಯಿಂದ. ಕೊಪ್ಪಳದಿಂದ ಒಬ್ಬರು ಬಂದು ಒಂದು ಹಾಳೆ ಕೊಟ್ಟು ನೂರು ಪ್ರತಿ ತೆಗೆಯಲು ಹೇಳಿದರು. ‘ಬನ್ನಿ, ಕೋಡಿಂಗ್ ಕಲಿಯೋಣ. ಎಲ್ಲರಿಗೂ ಸ್ವಾಗತ.’ ಹದಿನೈದು ದಿನಕ್ಕೊಂದು ಭಾನುವಾರ. ಒಂದು ಸಲ ಕೊಪ್ಪಳ, ಒಂದು ಸಲ ಗಂಗಾವತಿ, ಒಂದು ಸಲ ಕುಷ್ಟಗಿ. ಕೊನೆಗೆ ಮತ್ತೆ ಕೊಪ್ಪಳದಲ್ಲಿ, ಕಲಿತವರು ತಾವು ಮಾಡಿದ್ದನ್ನು ವೇದಿಕೆಯ ಮೇಲೆ ತೋರಿಸುವ ಸಮಾರಂಭ. ಹಾಳೆ ತಂದವರೇ ಅದರ ಸಂಯೋಜಕರು.

“ಯಲಬುರ್ಗಾದಾಗ ಯಾಕಿಲ್ರಿ?” ಎಂದೆ.

“ಇಲ್ಲಿ ಯಾರ್ ಬರ್ತಾರ್ರಿ ಅಕ್ಕಾರ,” ಎಂದರು. ಇಲ್ಲಿ ಯಾರೂ ಬರದಿದ್ದರೆ ಈ ನೂರು ಹಾಳೆ ಇಲ್ಲೇಕೆ ಹಚ್ಚುತ್ತೀರಿ ಎಂದು ಕೇಳಬೇಕೆನಿಸಿತು, ಬದಲಿಗೆ ಯಂತ್ರ ಓಡಿಸಿದೆ. ಒಂದೊಂದು ಪ್ರತಿ ಹೊರಬಂದಾಗಲೂ ‘ಎಲ್ಲರಿಗೂ’ ಎಂಬ ಮಾತನ್ನು ಓದಿದೆ. ನೂರು ಸಲ ಓದಿದ ಮೇಲೆ ಅದು ನನಗೇ ಬರೆದದ್ದು ಎಂದು ಖಾತ್ರಿಯಾಯಿತು.

ಮನೆಯಲ್ಲಿ ಹೇಳಿದಾಗ ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. “ಕೋಡಿಂಗ್ ಕಲ್ತ್ರ ಕೋಡು ಬರ್ತಾವೇನ?” ಎಂದರು. “ಬಂದ್ರ ಮೊದಲ ನಿಮಗ ಹಾಯ್ತೀನಿ,” ಎಂದೆ. ನಲವತ್ತೊಂಬತ್ತರ ಹೆಂಗಸಿಗೆ ಹೊಸದಾಗಿ ಕೋಡು ಮೂಡುವುದನ್ನು ನೋಡಲು ಅವರಿಗೂ ಒಳಗೊಳಗೆ ಆಸೆ ಇತ್ತೆಂದು ಕಾಣುತ್ತದೆ, ಭಾನುವಾರದ ರೊಟ್ಟಿಯ ಗೊಡವೆಯನ್ನು ತಾವೇ ವಹಿಸಿಕೊಂಡರು.

ಮೊದಲ ಭಾನುವಾರ, ಕೊಪ್ಪಳ. ಒಂದು ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಅದೇ ಸಂಯೋಜಕರು ಕೂತಿದ್ದರು. ಮುಂದೆ ಬ್ಯಾಡ್ಜುಗಳ ಎರಡು ಗುಡ್ಡೆ. ಹಸಿರಿನದು ‘ಕಲಿಕಾರ್ಥಿ’, ನೀಲಿಯದು ‘ಪಾಲಕರು’. ಅವರು ನನ್ನ ಮುಖ ನೋಡಿದರು, ಸೀರೆ ನೋಡಿದರು, ಕೈ ತಾನಾಗಿ ನೀಲಿ ಗುಡ್ಡೆಗೆ ಹೋಯಿತು. ಹೆಸರು ಕೂಡ ಕೇಳಲಿಲ್ಲ.

“ನಾ ಯಾರ ಪಾಲಕರ್ರಿ?” ಎಂದೆ.

ಅಷ್ಟರಲ್ಲಿ ಅವರು ನನ್ನ ಹಿಂದಿನ ಹುಡುಗಿಗೆ ಹಸಿರು ಕೊಡುತ್ತಿದ್ದರು. “ಪಾಲಕರಿಗೆ ಹಿಂದ ಕುರ್ಚಿ ಹಾಕೀವ್ರಿ ಅಕ್ಕಾರ, ಫ್ಯಾನ್ ಕೆಳಗ. ಆರಾಮ ಕೂಡ್ರಿ,” ಎಂದರು. ಒರಟಾಗಿ ಹೇಳಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು. ಆ ಫ್ಯಾನು ನನ್ನ ಬಾಯಿ ಕಟ್ಟಿಹಾಕಿತು. ಬ್ಯಾಡ್ಜನ್ನು ಸೆರಗಿಗೆ ಚುಚ್ಚಿಕೊಂಡು ನೆಟ್ಟಗೆ ಹೋಗಿ ಮೊದಲನೇ ಸಾಲಿನಲ್ಲಿ, ಕಂಪ್ಯೂಟರಿನ ಮುಂದೆ ಕೂತೆ. ಅಲ್ಲಿ ಫ್ಯಾನ್ ಇರಲಿಲ್ಲ. ಬೆವರುತ್ತ ಕೂತೆ.

ನನ್ನ ಪಕ್ಕಕ್ಕೆ ಬಂದು ಕೂತವಳು ಆ ಹಿಂದಿನ ಹುಡುಗಿಯೇ. ಶ್ರಾವಣಿ ಎಂದು ಹೆಸರು, ಕಾರಟಗಿ ಹತ್ತಿರ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವಳು, ಡಿಗ್ರಿ ಓದುತ್ತಿದ್ದಳು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಗಾಬರಿಯಾದಾಗ ಎರಡೂ. ನನ್ನ ಬ್ಯಾಡ್ಜು ನೋಡಿ, “ನಿಮ್ಮ ಹುಡುಗರು ಯಾರಕ್ಕಾ?” ಎಂದಳು. “ಯಾರೂ ಇಲ್ಲ. ನಾನ ಹುಡುಗಿ,” ಎಂದೆ. “ಪರವಾಲೇದಕ್ಕಾ, ಪರವಾಗಿಲ್ಲ,” ಎಂದು ಕಂಪ್ಯೂಟರನ್ನು ನನ್ನ ಕಡೆಗೂ ಅರ್ಧ ತಿರುಗಿಸಿದಳು. ಅವಳನ್ನು ಆ ಗಳಿಗೆಯಿಂದಲೇ ನಾನು ಹಚ್ಚಿಕೊಂಡೆ.

ಕಲಿಸಲು ಬರುತ್ತಿದ್ದ ಹುಡುಗ ಅನಿಕೇತ, ಮೈಸೂರು ಕಡೆಯವನು. ಅವನ ಕನ್ನಡ ಇಸ್ತ್ರಿ ಮಾಡಿದ ಅಂಗಿಯ ಹಾಗೆ, ಎಲ್ಲೂ ಸುಕ್ಕಿಲ್ಲ. ಎರಡನೇ ಭಾನುವಾರ ಗಂಗಾವತಿಯಲ್ಲಿ, ಅಕ್ಕಿ ಅಂಗಡಿಯ ಮೇಲಿನ ಒಂದು ಟ್ಯೂಷನ್ ಕೋಣೆಯಲ್ಲಿ ಅವನು ಹೇಳಿದ: “ಎಲ್ಲರೂ ನಿಮ್ಮ ಊರಿನ ಒಂದು ತೊಂದರೆ ಆರಿಸಿಕೊಳ್ಳಿ. ಅದಕ್ಕೊಂದು ಪ್ರೋಗ್ರಾಂ ಬರೆಯೋಣ.” ರಸ್ತೆಯಲ್ಲಿ ನೆಲ್ಲು ಒಣಗಲು ಹರವಿದಾಗ ಮಳೆ ಬರುವ ಹಾಗಿದ್ದರೆ ಮೊದಲೇ ಕೂಗಿ ಹೇಳುವ ಪ್ರೋಗ್ರಾಂ ತನ್ನದು ಎಂದಳು ಶ್ರಾವಣಿ. ನನ್ನ ಸರದಿ ಬಂದಾಗ ನಾನು ಎದ್ದು ನಿಂತು, “ಬಸ್ ಹೋತೇನ್ರಿ,” ಎಂದೆ.

ಅನಿಕೇತ ಕೈಗಡಿಯಾರ ನೋಡಿಕೊಂಡ. “ಇನ್ನೂ ಟೈಮ್ ಇದೆ ಮೇಡಂ,” ಎಂದ.

“ಅಲ್ರಿ. ಅದ ನನ್ನ ಪ್ರೋಗ್ರಾಂ.”

ಅರ್ಥವಾದ ಮೇಲೆ ಅವನಿಗೆ ಖುಷಿಯಾಯಿತು. “ಸುಲಭ. ಬಸ್ ಹೊರಡುವ ಸಮಯ ಬರೆದಿಟ್ಟುಕೊಳ್ಳಿ. ಈಗಿನ ಸಮಯ ಅದನ್ನು ದಾಟಿದ್ದರೆ ಬಸ್ ಹೋಗಿದೆ, ಟ್ರೂ. ಇಲ್ಲದಿದ್ದರೆ ಫಾಲ್ಸ್. ಎರಡೇ ಉತ್ತರ,” ಎಂದು ಹಲಗೆಯ ಮೇಲೆ ಬರೆದ.

“ಟೈಮ್ ಹೋದ್ರ ಬಸ್ ಹೋತು ಅಂತ ಯಾರ್ ಹೇಳಿದ್ರಿ ನಿಮ್ಗ?”

ಕೋಣೆ ನಕ್ಕಿತು. ಅವನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಹದಿನೆಂಟು ವರ್ಷ ಈ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನು.

“ಹೋಗಿಲ್ಲ ಅಂದ್ರ ಏನ್ರಿ ಸರ? ಇನ್ನೂ ಬಂದಿಲ್ಲಂತ ಹೋಗಿಲ್ಲೋ, ಬಂದು ನಿಂತೈತಿ ಹೋಗಿಲ್ಲೋ? ಬಂದಿಲ್ಲಂದ್ರ ನಾ ಕುಂತು ಚಾ ಕುಡೀತೀನಿ. ನಿಂತೈತಿ ಅಂದ್ರ ಓಡ್ತೀನಿ. ನೀವು ಎರಡಕ್ಕೂ ಒಂದ ಹೆಸರಿಟ್ರ ನಾ ಚಾ ಕುಡೀಲೋ, ಓಡ್ಲೋ?”

ಅನಿಕೇತ ತಾನು ಬರೆದದ್ದನ್ನು ಒರೆಸಿದ. “ನೀವು ಹೇಳೋದು ಸರಿ. ಇದಕ್ಕೆ ಎರಡು ಸಾಲದು, ಮೂರು ಬೇಕು,” ಎಂದು ‘ಬಂದಿಲ್ಲ, ನಿಂತೈತಿ, ಹೋತು’ ಎಂದು ನಮ್ಮ ಮಾತಿನಲ್ಲೇ ಬರೆದ.

ನಾನು ಓದಿದ ಸಾಲಿಯಲ್ಲಿ ಗಣಿತದ ತಾಸು ಬಂತೆಂದರೆ ಹಿಂದಿನ ಸಾಲಿನ ಹುಡುಗಿಯರನ್ನು ಗಿಡಕ್ಕೆ ನೀರು ಹಾಕಲು ಕಳಿಸುತ್ತಿದ್ದರು. ಬೇವಿನ ಗಿಡಗಳು ಎತ್ತರಕ್ಕೆ ಬೆಳೆದವು, ನನ್ನ ಗಣಿತ ಅಲ್ಲೇ ನಿಂತಿತು. ಕಲಿಸುವವರು ನನ್ನ ಮಾತು ಕೇಳಿ ಹಲಗೆ ಒರೆಸಿದ್ದು ಅವತ್ತೇ ಮೊದಲು. ಗಂಗಾವತಿಯಿಂದ ಕೊಪ್ಪಳಕ್ಕೆ, ಕೊಪ್ಪಳದಿಂದ ಯಲಬುರ್ಗಾಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಕಾಲು ನೋಯಲಿಲ್ಲ. ಅಷ್ಟು ಸಂತೋಷವಾಗಿತ್ತು.

ಈಗ ಒಂದು ತಪ್ಪಿನ ಕಥೆ ಹೇಳಬೇಕು. ಪ್ರೋಗ್ರಾಂನಲ್ಲಿ ಒಂದೊಂದು ಕೆಲಸಕ್ಕೂ ಹೆಸರಿಟ್ಟು, ಬೇಕಾದಾಗ ಆ ಹೆಸರಿನಿಂದಲೇ ಕರೆಯಬೇಕು. ಉತ್ತರವನ್ನು ಪರದೆಯ ಮೇಲೆ ತೋರಿಸುವ ಕೆಲಸಕ್ಕೂ ಒಂದು ಹೆಸರಿಡಬೇಕಿತ್ತು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ‘ಹೇಳ್ರಿ’ ಎಂದು ಇಟ್ಟಿದ್ದೆ. ಯಂತ್ರಕ್ಕೆ ಯಾಕೆ ‘ರಿ’ ಎಂದು ಅನಿಕೇತ ಕೇಳಿದ. ಹದಿನೆಂಟು ವರ್ಷ ಯಂತ್ರಗಳ ಜೊತೆ ಕೂಡಿ ದುಡಿದವಳು ನಾನು, ‘ಹೇಳು’ ಎಂದು ಏಕವಚನದಲ್ಲಿ ಅನ್ನಲು ನನಗೆ ನಾಲಿಗೆ ಏಳಲಿಲ್ಲ. ನಮ್ಮ ಕಡೆ ಬಾಡಿಗೆಗೆ ಬಂದವರಿಗೂ ರಿ, ವಸೂಲಿಗೆ ಬಂದವರಿಗೂ ರಿ, ಜಗಳವಾಡುವಾಗ ಎದುರಿಗಿದ್ದವರಿಗೆ ಇನ್ನೂ ಎರಡು ರಿ ಹೆಚ್ಚು. ರಿ ಬಿಟ್ಟಿತೆಂದರೆ ಸಂಬಂಧ ಹರಿಯಿತೆಂದೇ ಅರ್ಥ.

ಮೂರನೇ ಭಾನುವಾರ ಕುಷ್ಟಗಿಯ ಒಂದು ಗ್ರಂಥಾಲಯದಲ್ಲಿ ಕೂತು ನಾನು ಉಳಿದ ಭಾಗ ಬರೆಯುತ್ತಿದ್ದೆ. ಚಹಾದ ಹೊತ್ತಿಗೆ ಸಂಯೋಜಕರು ಬಂದು, “ಇವತ್ತೂ ಮಗಳನ್ನ ಬಿಡಾಕ ಬಂದೀರೇನ್ರಿ ಅಕ್ಕಾರ? ಭಾಳ ಛಲೋ ಕಲಿಯಾಕತ್ತಾಳ ನಿಮ್ಮ ಶ್ರಾವಣಿ,” ಎಂದರು. ಶ್ರಾವಣಿ ಚಹಾದ ಲೋಟದಲ್ಲಿ ಮುಖ ಮುಳುಗಿಸಿ ನಕ್ಕಳು. ನಾನು ಹಲ್ಲು ಕಡಿದುಕೊಂಡು ಕಂಪ್ಯೂಟರಿಗೆ ಮರಳಿದೆ. ಬಾಯಿಯಲ್ಲಿ ಬೈಗುಳ, ಬೆರಳಿನಲ್ಲಿ ಬಿರುಸು. ಅರ್ಧ ತಾಸಿನಲ್ಲಿ ಬರೆದು ಮುಗಿಸಿ ಓಡಿಸಿದರೆ ಪರದೆಯ ತುಂಬ ಕೆಂಪು ಅಕ್ಷರ.

ಶ್ರಾವಣಿ ನೋಡಿದಳು, ಅನಿಕೇತ ನೋಡಿದ. ಅನಿಕೇತನೇ ಕೊನೆಗೆ ಬೆರಳಿಟ್ಟು ತೋರಿಸಿದ. ಗಂಗಾವತಿಯಲ್ಲಿ ಬರೆದ ಭಾಗದಲ್ಲೆಲ್ಲ ‘ಹೇಳ್ರಿ’ ಇತ್ತು. ಕುಷ್ಟಗಿಯಲ್ಲಿ ಸಿಟ್ಟಿನಿಂದ ಬರೆದದ್ದರಲ್ಲೆಲ್ಲ ‘ಹೇಳು’ ಎಂದಾಗಿತ್ತು. ‘ಹೇಳು’ ಎಂದರೆ ಯಾರೋ ತನಗೆ ಗೊತ್ತಿಲ್ಲ ಎಂದು ಯಂತ್ರ ಕೈ ಕಟ್ಟಿ ಕೂತಿತ್ತು. ಏಳು ಕಡೆ ರಿ ಸೇರಿಸಿದೆ. ಕೂಡಲೇ ಪರದೆಯ ಮೇಲೆ ಮೂರು ಗುಂಡಿ ಮೂಡಿದವು, ಒತ್ತಿದಂತೆ ಉತ್ತರವೂ ಬಂತು. ಮರ್ಯಾದೆ ಕೊಟ್ಟರೆ ಮಾತ್ರ ಕೆಲಸ ಮಾಡುವ ಆ ಯಂತ್ರದ ಮೇಲೆ ನನಗೆ ಅಕ್ಕರೆ ಉಕ್ಕಿತು. ನನಗೆ ಬೇಕಾದದ್ದೂ ಅದೇ ತಾನೆ.

ನಿಲ್ದಾಣದಲ್ಲಿ ಒಬ್ಬರು ಬಸ್ಸು ನೋಡಿ ಗುಂಡಿ ಒತ್ತಿದರೆ ಉತ್ತರ ಎಲ್ಲ ಕಡೆ ಕಾಣುತ್ತಿತ್ತು, ಆದರೆ ಒತ್ತುವವರು ಬೇಕಲ್ಲ? ಯಲಬುರ್ಗಾದಲ್ಲಿ ನಾನಿದ್ದೆ. ಕೊಪ್ಪಳ ನಿಲ್ದಾಣದಲ್ಲಿ ಬಾಳೆಹಣ್ಣು ಮಾರುವ ಹುಸೇನಬಿ ಇದ್ದಳು. ಭಾನುವಾರಗಳಲ್ಲಿ ಅವಳ ಬುಟ್ಟಿಯ ಪಕ್ಕ ನಿಂತು ಬಸ್ಸು ಕಾದೂ ಕಾದೂ ನಮ್ಮ ಸ್ನೇಹ ಬೆಳೆದಿತ್ತು. ಅವಳನ್ನೂ ದಿನವಿಡೀ ಜನ ಇದನ್ನೇ ಕೇಳುತ್ತಿದ್ದರು. ಅವಳ ಮೊಬೈಲಿನಲ್ಲಿ ಮೂರು ಗುಂಡಿ ತೋರಿಸಿದೆ: ಬಂದಿಲ್ಲ ಹಳದಿ, ನಿಂತೈತಿ ಹಸಿರು, ಹೋತು ಕೆಂಪು.

ಅವಳು ಗುಂಡಿಗಳನ್ನು ಪರೀಕ್ಷೆ ಮಾಡುವವರ ಹಾಗೆ ನೋಡಿದಳು. “ಬಂದೈತಿ, ಡ್ರೈವರ್ ಚಾಕ್ಕ ಹೋಗ್ಯಾನ. ಇದಕ್ಕ ಯಾವ್ದು ಒತ್ಲಿ?”

“ನಿಂತೈತಿ ಒತ್ತವ್ವಾ.”

“ಬರೋಬ್ಬರಿ ಆಗಂಗಿಲ್ಲ. ಅದಕ್ಕೊಂದು ಬ್ಯಾರೆ ಮಾಡು,” ಎಂದಳು. ಅನಿಕೇತನಿಗೆ ನಾನು ಹೇಳಿದ್ದನ್ನೇ ಅವಳು ನನಗೆ ಹೇಳಿದ್ದಳು. ಮಾಡುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಸಮಾರಂಭದ ದಿನ ಕೊಪ್ಪಳದ ಸಭಾಂಗಣ ತುಂಬಿತ್ತು. ಮಕ್ಕಳು, ಮಕ್ಕಳ ಅಪ್ಪ ಅಮ್ಮ, ಅಜ್ಜ ಅಜ್ಜಿ. ವೇದಿಕೆಯ ಮೇಲೆ ಗೋಡೆಯಷ್ಟು ದೊಡ್ಡ ಪರದೆ. ನಾನು ಹೊಸ ಇಳಕಲ್ ಸೀರೆ ಉಟ್ಟು, ನೀಲಿ ಬ್ಯಾಡ್ಜು ಚುಚ್ಚಿಕೊಂಡು ಹೋಗಿದ್ದೆ. ಬಾಗಿಲಲ್ಲಿ ತೋರಿಸುವವರ ಪಟ್ಟಿ ಅಂಟಿಸಿದ್ದರು. ಶ್ರಾವಣಿಯ ಹೆಸರಿತ್ತು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ನನ್ನ ಹೆಸರಿರಲಿಲ್ಲ.

ಸಂಯೋಜಕರನ್ನು ಹಿಡಿದು ನಿಲ್ಲಿಸಿದೆ. ಮುಖ್ಯ ಅತಿಥಿಗಳು ಬರುವ ಹೊತ್ತು, ಅವರ ಅಂಗಿ ಬೆನ್ನಿಗೆ ಅಂಟಿತ್ತು. “ಕಲಿಕಾರ್ಥಿಗಳ ಪಟ್ಟಿಯೊಳಗ ನೀವಿಲ್ರಿ ಅಕ್ಕಾರ. ಪಾಲಕರ ಪಟ್ಟಿಯೊಳಗ ಅದೀರಿ. ಈಗ ತಿದ್ದಾಕ ಆಗಂಗಿಲ್ಲ, ಎಲ್ಲಾ ಛಾಪಾ ಆಗೇತಿ. ಒಂದು ಕೆಲಸ ಮಾಡೋಣು. ನಿಮ್ಮ ಬಸ್ಸಿಂದೂ ಶ್ರಾವಣಿನ ತೋರಿಸ್ಲಿ. ನೀವು ಬಾಜೂಕ ನಿಂದರ್ರಿ. ಮತ್ತ ಆ ‘ಹೋತು’ ಅನ್ನೋದನ್ನ ‘ನಿರ್ಗಮಿಸಿದೆ’ ಅಂತ ಮಾಡಿಸ್ರಿ. ದೊಡ್ಡವರು ಬರ್ತಾರ.”

“ಎಲ್ಲರಿಗೂ ಸ್ವಾಗತ ಅಂತ ಬರ್ದಿದ್ರಿ,” ಎಂದೆ. “ನೂರು ಸಲ ಓದೀನಿ. ನನ್ನ ಮಿಷನ್ನಿನಾಗಿಂದನ ಹೊರಗ ಬಂದೈತಿ ಅದು.”

“ಅದು ಖರೆ ಅಕ್ಕಾರ, ಆದ್ರ ಪಟ್ಟಿ…” ಎನ್ನುತ್ತ ಅವರು ಕಾರಿನ ಸಪ್ಪಳ ಕೇಳಿ ಓಡಿದರು.

ಶ್ರಾವಣಿ ಎಲ್ಲ ಕೇಳಿಸಿಕೊಂಡಿದ್ದಳು. “ನಾ ಬರ್ದಿಲ್ಲಾರ್ದು ನಾ ತೋರ್ಸಂಗಿಲ್ಲಕ್ಕಾ. ಬೇಕಂದ್ರ ನನ್ನ ಟೈಮಿನಾಗ ಅರ್ಧ ನೀವು ತಗೋರಿ,” ಎಂದಳು.

“ನಿನ್ನ ನೆಲ್ಲು ನೀ ತೋರ್ಸು. ನನ್ನ ಬಸ್ ನಾ ತೋರಿಸ್ತೀನಿ,” ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ, ಪುಣ್ಯ. ನನಗೂ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಅದೂ ಸಿಟ್ಟಿನ ನೀರೆಂದೇ ನನ್ನನ್ನು ನಾನು ನಂಬಿಸಿಕೊಂಡೆ. ಮೂರು ಭಾನುವಾರ ಮೂರು ಊರು ತಿರುಗಿ ಬರೆದದ್ದು ಬೇರೆಯವರ ಹೆಸರಿನಲ್ಲಿ, ಬೇರೆಯವರ ಮಾತಿನಲ್ಲಿ ಪರದೆ ಹತ್ತುವುದಾದರೆ ಅದು ಹತ್ತುವುದೇ ಬೇಡ ಎನ್ನಿಸಿತು. ಹತ್ತಲೇಬೇಕು ಎಂದೂ ಅನ್ನಿಸಿತು.

ಪ್ರಾರ್ಥನೆ, ಸ್ವಾಗತ, ದೀಪ. ಹುಡುಗರು ಒಬ್ಬೊಬ್ಬರಾಗಿ ತೋರಿಸಿದರು. ಶ್ರಾವಣಿಯ ಪ್ರೋಗ್ರಾಂ ‘ನೆಲ್ಲು ಎತ್ತಿಕೊಳ್ಳಿ’ ಎಂದು ಕೂಗಿದಾಗ ಕಾರಟಗಿ ಕಡೆಯವರು ಜೋರಾಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಮನಸಾರೆ ತಟ್ಟಿದೆ. ಮಧ್ಯಾಹ್ನ ಇಳಿಯುತ್ತಿತ್ತು. ಸಭೆಯಲ್ಲಿ ನಮ್ಮ ಊರ ಕಡೆಯವರು ಕೈಗಡಿಯಾರ ನೋಡಿಕೊಳ್ಳತೊಡಗಿದ್ದರು. ಆಗ ಸಂಯೋಜಕರು ಮೈಕಿನ ಮುಂದೆ ಬಂದು ಪುಸ್ತಕದ ಕನ್ನಡದಲ್ಲಿ ಹೇಳಿದರು:

“ಮುಖ್ಯ ಅತಿಥಿಗಳ ಭಾಷಣಕ್ಕೆ ಮುನ್ನ, ಪಾಲಕರ ಪರವಾಗಿ ಯಾರಾದರೂ ಎರಡು ಮಾತು ಆಡಬೇಕೆಂದು ಕೋರುತ್ತೇನೆ.”

ಯಾವ ಸಮಾರಂಭದಲ್ಲೂ ಈ ಮಾತಿಗೆ ಯಾರೂ ಏಳುವುದಿಲ್ಲ. ಅವರೂ ಯಾರೋ ಏಳುತ್ತಾರೆಂದು ಕೇಳಿರಲಿಲ್ಲ. ನಾನು ಸೆರಗಿನ ಮೇಲಿನ ಬ್ಯಾಡ್ಜು ನೋಡಿಕೊಂಡೆ. ಎದ್ದೆ.

ವೇದಿಕೆ ಹತ್ತುವ ಮೆಟ್ಟಿಲ ಬಳಿ ಅವರ ಮುಖ ಬಿಳಿಚಿತು. ನಾನು ಬ್ಯಾಡ್ಜನ್ನು ಎತ್ತಿ ತೋರಿಸಿದೆ. ಅವರೇ ಕೊಟ್ಟದ್ದು, ಇಲ್ಲವೆನ್ನುವ ಹಾಗಿರಲಿಲ್ಲ. ಮೈಕಿನ ಹತ್ತಿರ ಹೋಗದೆ ಮೊದಲು ಕಂಪ್ಯೂಟರಿನ ಹತ್ತಿರ ಹೋದೆ. ಅನಿಕೇತ ಅದರ ಪಕ್ಕ ಕೂತಿದ್ದ. ಎದ್ದು ಕುರ್ಚಿ ಬಿಟ್ಟುಕೊಟ್ಟ. ಟವೆಲ್ಲಿನ ಕೆಳಗೆ ಪಳಗಿದ ಬೆರಳುಗಳು ನನ್ನ ಪ್ರೋಗ್ರಾಂನ ವಿಳಾಸ ಟೈಪು ಮಾಡಿದವು. ಪರದೆಯ ಮೇಲೆ ದೊಡ್ಡದಾಗಿ ಬಂತು, ‘ಬಸ್ ಹೋತೇನ್ರಿ?’ ಸಭೆಯಲ್ಲಿ ನಗೆ ಎದ್ದಿತು. ಕೆಳಗೆ ಸಣ್ಣಗೆ ‘ಬರೆದವರು: ಗಿರಿಜಾ, ಯಲಬುರ್ಗಾ’ ಎಂದಿತ್ತು.

“ನಾ ಪಾಲಕಿ ಅದೀನ್ರಿ,” ಎಂದೆ ಮೈಕಿನಲ್ಲಿ. “ಇದು ನನ್ನ ಕೂಸು. ಮೂರು ಭಾನುವಾರ ಜ್ವಾಪಾನ ಮಾಡೀನಿ. ಇದಕ್ಕ ಮಾತು ಬರತೈತೋ ಇಲ್ಲೋ ನೀವ ನೋಡ್ರಿ. ಯಲಬುರ್ಗಾ ಕಡೆ ಹೋಗೋರು ಯಾರರ ಅದೀರೇನ್ರಿ?”

ಹಿಂದಿನ ಮೂರು ಸಾಲಿನಿಂದ ಕೈಗಳು ಎದ್ದವು. ಫ್ಯಾನಿನ ಕೆಳಗೆ ಕೂತಿದ್ದ ಒಬ್ಬ ಹಿರಿಯರು ಎದ್ದೇ ನಿಂತು, ನನಗಲ್ಲ, ಪರದೆಗೇ ಕೇಳಿದರು. “ಯಲಬುರ್ಗಾ ಬಸ್ ಹೋತೇನ್ರಿ?”

ಪರದೆಯ ಮೇಲೆ ಯಲಬುರ್ಗಾ ಒತ್ತಿದೆ. ಹಳದಿ. ಬಂದಿಲ್ಲ. ಹಿರಿಯರು ಕೂಡಬೇಕು, ಅಷ್ಟರಲ್ಲಿ, ಕೊಪ್ಪಳ ನಿಲ್ದಾಣದಲ್ಲಿ ಬಾಳೆಹಣ್ಣಿನ ಬುಟ್ಟಿಯ ಹಿಂದೆ ಕೂತ ಹುಸೇನಬಿಯ ಬೆರಳು ಆಡಿರಬೇಕು. ನೋಡುತ್ತಿದ್ದಂತೆ ಹಳದಿ ಹೋಗಿ ಹಸಿರಾಯಿತು. ‘ನಿಂತೈತಿ’.

ಆಮೇಲೆ ಆದದ್ದಕ್ಕೆ ನಾನು ಹೊಣೆಯಲ್ಲ. ಹಿರಿಯರು ಧೋತರ ಎತ್ತಿ ಕಟ್ಟಿದರು. “ನಡೀರಿ, ನಡೀರಿ, ನಿಂತೈತಂತ,” ಎಂದರು. ಹಿಂದಿನ ಮೂರು ಸಾಲು ಎದ್ದಿತು. ಚೀಲ, ನೀರಿನ ಬಾಟಲಿ, ಪ್ರಮಾಣಪತ್ರ, ನಿದ್ದೆ ಹೋದ ಕೂಸುಗಳು ಎಲ್ಲ ಎದ್ದವು. ಮುಖ್ಯ ಅತಿಥಿಗಳು ಭಾಷಣದ ಹಾಳೆ ಹಿಡಿದುಕೊಂಡು ನೋಡುತ್ತಿದ್ದರು. ನಾನೂ ಒಂದು ಕ್ಷಣ ನೋಡಿದೆ. ಆಮೇಲೆ ನೆನಪಾಯಿತು, ಅದು ನಾನು ಹತ್ತಬೇಕಾದ ಬಸ್ಸೂ ಹೌದು. ಮೈಕಿಗೆ, “ಬರ್ತೀನ್ರಿ,” ಎಂದು ಹೇಳಿ ಓಡಿದೆ.

ಉಳಿದದ್ದನ್ನು ಶ್ರಾವಣಿ ಫೋನಿನಲ್ಲಿ ಹೇಳಿದಳು. ಗಡಿಬಿಡಿಯಲ್ಲಿ ಯಾರೂ ಪರದೆ ಆರಿಸಿರಲಿಲ್ಲವಂತೆ. ಮುಖ್ಯ ಅತಿಥಿಗಳು ಅರ್ಧ ಖಾಲಿಯಾದ ಸಭೆಗೆ ಭಾಷಣ ಮಾಡುತ್ತಿದ್ದಾಗ ಅವರ ಬೆನ್ನ ಹಿಂದೆ ಹಸಿರು ಹೋಗಿ ಕೆಂಪಾಯಿತಂತೆ. ‘ಹೋತು’. ಸಭೆಯೆಲ್ಲ ಚಪ್ಪಾಳೆ ತಟ್ಟಿತಂತೆ. ಅತಿಥಿಗಳು ಅದು ತಮಗೇ ಎಂದುಕೊಂಡು ಇನ್ನೂ ಸ್ವಲ್ಪ ಮಾತಾಡಿದರಂತೆ. ನಾನು ಆಗ ಬಸ್ಸಿನಲ್ಲಿದ್ದೆ, ಕಿಟಕಿ ಪಕ್ಕದ ಸೀಟಿನಲ್ಲಿ.

ಅದಾದ ಮೇಲೆ ಸಂಯೋಜಕರು ಒಮ್ಮೆ ಫೋನು ಮಾಡಿದ್ದರು. ಪ್ರಮಾಣಪತ್ರ ಕಳಿಸುತ್ತೇವೆ, ಯಾವ ಪಟ್ಟಿಯಲ್ಲಿ ಬರೆಯಲಿ ಎಂದು ಕೇಳಿದರು. “ಅದು ಇರ್ಲಿ ಬಿಡ್ರಿ. ಅನಿಕೇತ ಸರ್‌ನ ಯಲಬುರ್ಗಾಕ್ಕ ಕಳಿಸ್ರಿ,” ಎಂದೆ. “ಅಲ್ಲಿ ಯಾರ್ ಬರ್ತಾರ್ರಿ,” ಎಂದು ಈ ಸಲ ಅವರು ಅನ್ನಲಿಲ್ಲ.

ಹೀಗೆ ಈ ಭಾನುವಾರ ನನ್ನ ಅಂಗಡಿಯಲ್ಲೇ ಮೊದಲ ಕೂಟ. ಅದಕ್ಕೇ ಬೆಳಿಗ್ಗೆ ಸೇಫ್ಟಿ ಪಿನ್ ಹುಡುಕುತ್ತಿದ್ದದ್ದು. ಬ್ಯಾಡ್ಜುಗಳನ್ನು ನಾನೇ ಮಾಡಿದ್ದೇನೆ, ಒಂದೇ ಬಣ್ಣ, ಒಂದೇ ಗುಡ್ಡೆ. ಎಲ್ಲದರ ಮೇಲೂ ‘ಕಲಿಯುವವರು’ ಎಂದೇ ಇದೆ, ಅನಿಕೇತನದರ ಮೇಲೂ. ಹೆಸರಿನ ಗೆರೆ ಖಾಲಿ ಬಿಡಕೂಡದು ಎಂಬುದೊಂದೇ ನಿಯಮ. ಐದು ಜನ ಬಂದಿದ್ದರು. ಅನಿಕೇತ ಇನ್ನೇನು ಶುರು ಮಾಡಬೇಕು, ಆಗ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತಳು. ತಲೆಯ ಮೇಲೆ ಗಂಟು, ಕೈಯಲ್ಲಿ ಬುತ್ತಿ.

“ಯವ್ವಾ, ಕುಷ್ಟಗಿ ಬಸ್ ಹೋತೇನ?”

ಬಸ್ಸಿನ ಉತ್ತರ ತೋರಿಸಲೆಂದೇ ಗೋಡೆಗೆ ಹಾಕಿಸಿದ್ದ ಪರದೆಯತ್ತ ಬೆರಳು ಮಾಡಿದೆ. ಹಳದಿ. ಅವಳಿಗೆ ಓದಲು ಬಾರದು, ನನ್ನ ಮುಖವನ್ನೇ ನೋಡಿದಳು. ಬಾಯಿ ಮುಚ್ಚಿಕೊಂಡು ಕೂಡುವ ನನ್ನ ಹಟ ಅಲ್ಲಿಗೆ ಮುಗಿಯಿತು.

“ಬಂದಿಲ್ಲಬೇ, ಇನ್ನೂ ಟೈಮೈತಿ. ನಿನ್ನ ಹೆಸರೇನು?”

“ದ್ಯಾಮವ್ವ. ಯಾಕ?”

ಹೊಸ ಬ್ಯಾಡ್ಜಿನ ಗೆರೆಯ ಮೇಲೆ ಹೆಸರು ಬರೆದು, ಅದನ್ನು ಅವಳ ಸೆರಗಿಗೆ ಚುಚ್ಚಿ, ನನ್ನ ಕುರ್ಚಿಯನ್ನು ಕಂಪ್ಯೂಟರಿನ ಮುಂದೆ ಎಳೆದೆ.

“ಬಸ್ ಬರೂತನಕ ಇಲ್ಲಿ ಕೂಡ್ರಿ,” ಎಂದೆ.